ಎಷ್ಟು ನಿಧಾನ ಎಂದು ಮೊದಲು ಕೇಳಿ



ಗಿಗಾಬಿಟ್ ಸ್ವಿಚ್ ಬಂದಿದೆ, ಹೊಸ ಕೇಬಲ್ ಎಳೆಸಿದ್ದಾಗಿದೆ, ಕಂಪ್ಯೂಟರುಗಳೂ ಹೊಸವೇ. ಆದರೂ ಮದುವೆ ವಿಡಿಯೊದ 50 ಗಿಗಾಬೈಟಿನ ಫೈಲೊಂದನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸಲು ಹೊರಟರೆ ಪರದೆಯ ಮೇಲಿನ ಹಸಿರು ಪಟ್ಟಿ ತೆವಳುತ್ತದೆ. ಸ್ಟುಡಿಯೊ, ಕಾಲೇಜು, ಲೆಕ್ಕಪತ್ರದ ಕಚೇರಿ, ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗ, ಎಲ್ಲ ಕಡೆಯೂ ಒಂದೇ ದೂರು: ನೆಟ್‌ವರ್ಕ್ ಸ್ಲೋ. ರಿಪೇರಿಗೆ ಬಂದವರು ಸ್ವಿಚ್ ಆರಿಸಿ ಹಚ್ಚುತ್ತಾರೆ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಕೊನೆಗೆ ಇನ್ನೂ ದುಬಾರಿ ಸ್ವಿಚ್ಚಿಗೆ ಕೊಟೇಶನ್ ಬರೆದುಕೊಟ್ಟು ಹೋಗುತ್ತಾರೆ. ಅಷ್ಟು ಹೊತ್ತೂ ಯಾರೂ ಕೇಳದೆ ಉಳಿದುಬಿಡುವ ಪ್ರಶ್ನೆ ಒಂದಿದೆ. ಎಷ್ಟು ಸ್ಲೋ?

ಇದಕ್ಕೆ ಉತ್ತರ ಅಂಕಿಯಲ್ಲೇ ಬರಬೇಕು. ಸೆಕೆಂಡಿಗೆ 11 ಮೆಗಾಬೈಟೋ, 35 ಮೆಗಾಬೈಟೋ, ಇಲ್ಲ ಬರೀ 300 ಕಿಲೋಬೈಟೋ? ಮೂರೂ ನಿಧಾನವೇ. ಆದರೆ ಮೂರರ ಕಾರಣವೂ ಬೇರೆ, ಮದ್ದೂ ಬೇರೆ. ಅಂಕಿಯನ್ನು ಗಮನಿಸಿ ಓದಿದವರಿಗೆ ಅರ್ಧ ಪತ್ತೇದಾರಿ ಅಲ್ಲೇ ಮುಗಿದಿರುತ್ತದೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳಬೇಕು. ನೆಟ್‌ವರ್ಕಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 1 ಗಿಗಾಬಿಟ್ ಎಂದರೆ 125 ಮೆಗಾಬೈಟ್. ಅದರಲ್ಲೂ ಪ್ರತಿ ಪ್ಯಾಕೆಟ್ಟಿಗೆ ಅಂಟಿಸುವ ವಿಳಾಸದ ಚೀಟಿಗಳಿಗೆ ಒಂದಿಷ್ಟು ಹೋಗಿ, ಕೈಗೆ ಸಿಗುವುದು 110ರಿಂದ 118 ಮೆಗಾಬೈಟ್. ಆ 50 ಗಿಗಾಬೈಟಿನ ಫೈಲಿಗೆ ಏಳೆಂಟು ನಿಮಿಷ ಬೇಕು. ಗಿಗಾಬಿಟ್ ಹಾಕಿಸಿಯೂ ನೂರಹದಿನೈದೇ ಬರುತ್ತಿದೆ ಎಂದು ಕೊರಗುವವರ ನೆಟ್‌ವರ್ಕಿನಲ್ಲಿ ದೋಷವೇನೂ ಇಲ್ಲ. ಅದು ತನ್ನ ಪೂರ್ತಿ ವೇಗದಲ್ಲೇ ಓಡುತ್ತಿದೆ.

ಅದೇ ಫೈಲಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು ಅನ್ನಿ. ಆಗ ವೇಗ ಸೆಕೆಂಡಿಗೆ 11ರಿಂದ 12 ಮೆಗಾಬೈಟ್. ಈ ಅಂಕಿ ಕಂಡರೆ ಅನುಭವಸ್ಥರು ಬೇರೇನನ್ನೂ ನೋಡುವ ಮುಂಚೆ ಕೇಬಲ್ಲಿನ ತುದಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಆ ಪಾರದರ್ಶಕ ಪ್ಲಾಸ್ಟಿಕ್ ಕನೆಕ್ಟರಿನೊಳಗೆ ಎಂಟು ತಂತಿಗಳಿವೆ: ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಬಿಳಿ ಪಟ್ಟೆಯ ಒಂದು ಜೊತೆ. ನೂರು ಮೆಗಾಬಿಟ್ಟಿನ ಹಳೆಯ ಈಥರ್ನೆಟ್ಟಿಗೆ ಕಿತ್ತಳೆ ಮತ್ತು ಹಸಿರು, ಎರಡೇ ಜೊತೆ ಸಾಕು. 1999ರಲ್ಲಿ ತಾಮ್ರದ ತಂತಿಯ ಮೇಲೆ ಗಿಗಾಬಿಟ್ ಓಡಿಸುವ ಮಾನದಂಡ ಬಂದಾಗ ನಾಲ್ಕು ಜೊತೆಗಳೂ ಬೇಕಾದವು. ಕ್ರಿಂಪ್ ಮಾಡುವಾಗ ನೀಲಿ ತಂತಿಯೊಂದು ಕೂದಲೆಳೆಯಷ್ಟು ಗಿಡ್ಡವಾಗಿ ಲೋಹದ ಹಲ್ಲಿಗೆ ತಾಗದೆ ಉಳಿದರೆ, ಅಥವಾ ಬಾಗಿಲ ಸಂದಿಯಲ್ಲಿ ಸಿಕ್ಕಿ ಕಂದು ತಂತಿ ತುಂಡಾದರೆ, ಎಷ್ಟೋ ಯಂತ್ರಗಳು ಸದ್ದಿಲ್ಲದೆ ನೂರು ಮೆಗಾಬಿಟ್ಟಿಗೆ ಇಳಿದುಬಿಡುತ್ತವೆ. ದೀಪ ಉರಿಯುತ್ತದೆ, ಇಂಟರ್ನೆಟ್ ಬರುತ್ತದೆ, ಇಮೇಲ್ ಹೋಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲನ್ನು ಓದಿದರೆ ಗುಟ್ಟು ಬಯಲು: ಅಲ್ಲಿ ಸಾವಿರದ ಬದಲು ನೂರು ಎಂದಿರುತ್ತದೆ. ಕೆಲವೇ ರೂಪಾಯಿಯ ಕನೆಕ್ಟರ್ ಬದಲಿಸಿದರೆ ವೇಗ ಹತ್ತು ಪಟ್ಟು.

ಸೆಕೆಂಡಿಗೆ 30ರಿಂದ 40 ಮೆಗಾಬೈಟಿನಲ್ಲಿ ಗಟ್ಟಿಯಾಗಿ ನಿಂತಿದ್ದರೆ ಅನುಮಾನ ಯುಎಸ್‌ಬಿಯ ಮೇಲೆ. ಹೊರಗಿನ ಹಾರ್ಡ್ ಡಿಸ್ಕನ್ನು ಯಾರೋ ಹಳೆಯ ಯುಎಸ್‌ಬಿ 2.0 ಕಿಂಡಿಗೆ ಚುಚ್ಚಿರುತ್ತಾರೆ. ಅದರ ಮೇಲೆ ಬರೆದ ವೇಗ 480 ಮೆಗಾಬಿಟ್ ಆದರೂ ವಾಸ್ತವದಲ್ಲಿ ದಕ್ಕುವುದು ಇಷ್ಟೇ. ಮೊದಲು ಭರ್ಜರಿ ವೇಗ ತೋರಿಸಿ, ಕೆಲವು ಗಿಗಾಬೈಟ್ ಆದಮೇಲೆ ದಿಢೀರನೆ ಕುಸಿದರೆ ಅದು ಡಿಸ್ಕಿನ ಕತೆ. ಕಂಪ್ಯೂಟರು ಬಂದ ಮಾಹಿತಿಯನ್ನು ಮೊದಲು ಮೆಮೊರಿಯಲ್ಲಿ ಪೇರಿಸಿಕೊಳ್ಳುತ್ತದೆ, ಅಲ್ಲಿ ಜಾಗ ಮುಗಿದ ಮೇಲೆ ಡಿಸ್ಕ್ ಬರೆಯುವ ವೇಗಕ್ಕೇ ಕಾಯಬೇಕು. ಅಗ್ಗದ ಎಸ್‌ಎಸ್‌ಡಿಗಳಲ್ಲೂ ವೇಗದ ಒಂದು ಚಿಕ್ಕ ಭಾಗವಿದ್ದು, ಅದು ತುಂಬಿದ ಕೂಡಲೇ ನಿಜವಾದ ಸಾಮರ್ಥ್ಯ ಹೊರಬೀಳುತ್ತದೆ. ಹೀಗಾಗಿ ಅಂಕಿಯ ಜೊತೆ ಅದರ ಏರಿಳಿತವನ್ನೂ ಗಮನಿಸುವುದು ಒಳ್ಳೆಯದು.

ಸಣ್ಣ ಫೈಲುಗಳ ಕಾಟ ಇನ್ನೊಂದು ಬಗೆ. ಒಂದು ಗಿಗಾಬೈಟಿನ ಒಂದೇ ವಿಡಿಯೊ ಒಂಬತ್ತು ಸೆಕೆಂಡಿನಲ್ಲಿ ದಾಟುವ ದಾರಿಯಲ್ಲೇ, ತಲಾ ಹತ್ತು ಕಿಲೋಬೈಟಿನ ಒಂದು ಲಕ್ಷ ಫೈಲುಗಳನ್ನು ಕಳಿಸಿ ನೋಡಿ. ಒಟ್ಟು ಗಾತ್ರ ಅಷ್ಟೇ. ಆದರೆ ಪ್ರತಿ ಫೈಲಿಗೂ ಹೆಸರು ಹುಡುಕು, ಅನುಮತಿ ಕೇಳು, ತೆರೆ, ಬರೆ, ದಿನಾಂಕ ನಮೂದಿಸು, ಮುಚ್ಚು ಎಂಬ ಮಾತುಕತೆ ಎರಡು ಯಂತ್ರಗಳ ನಡುವೆ ನಡೆಯುತ್ತದೆ. ಮೇಲಿಂದ ಆಂಟಿವೈರಸ್ ತಂತ್ರಾಂಶ ಒಂದೊಂದನ್ನೂ ತಡೆದು ತಪಾಸಣೆ ಮಾಡುತ್ತದೆ. ಫೈಲೊಂದಕ್ಕೆ ಇದೆಲ್ಲ ಸೇರಿ ಬರೀ ಹತ್ತು ಮಿಲಿಸೆಕೆಂಡ್ ಹಿಡಿದರೂ ಲಕ್ಷ ಫೈಲಿಗೆ ಸಾವಿರ ಸೆಕೆಂಡ್, ಅಂದರೆ ಹತ್ತಿರ ಹತ್ತಿರ ಹದಿನೇಳು ನಿಮಿಷ. ಇಲ್ಲಿ ಎಂಥ ಸ್ವಿಚ್ ತಂದರೂ ಉಪಯೋಗವಿಲ್ಲ. ಎಲ್ಲವನ್ನೂ ಜಿಪ್ ಮಾಡಿ ಒಂದೇ ಫೈಲಾಗಿ ಕಳಿಸುವುದು, ಇಲ್ಲವೇ ರೋಬೊಕಾಪಿಯಂಥ ಸಲಕರಣೆಯಿಂದ ಏಕಕಾಲಕ್ಕೆ ಹತ್ತಾರು ಫೈಲುಗಳನ್ನು ಬಿಡುವುದೇ ಪರಿಹಾರ.

ಕೆಲವೊಮ್ಮೆ ಕಾರಣ ಯಾರ ಊಹೆಗೂ ನಿಲುಕದ ಜಾಗದಲ್ಲಿರುತ್ತದೆ. 2007ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಒಂದು ವಿಚಿತ್ರ ದೂರು ಹಬ್ಬಿತು. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಫೈಲ್ ಕಾಪಿ ಆಗುತ್ತಿರುವಾಗ ಹಾಡು ಹಚ್ಚಿದರೆ ಕಾಪಿಯ ವೇಗ ಪಾತಾಳಕ್ಕಿಳಿಯುತ್ತಿತ್ತು. ಹಾಡು ನಿಲ್ಲಿಸಿದರೆ ಮತ್ತೆ ಏರುತ್ತಿತ್ತು. ಕಂಪನಿಯ ಹಿರಿಯ ತಂತ್ರಜ್ಞ ಮಾರ್ಕ್ ರುಸಿನೊವಿಚ್ ಆ ವರ್ಷದ ಆಗಸ್ಟಿನಲ್ಲಿ ಕಾರಣವನ್ನು ಬಿಡಿಸಿ ಬರೆದರು. ಪ್ಯಾಕೆಟ್ಟುಗಳನ್ನು ಬರಮಾಡಿಕೊಳ್ಳುವ ಕೆಲಸದಿಂದ ಹಾಡು ತಡವರಿಸಬಾರದು ಎಂದು ವಿಸ್ಟಾದೊಳಗೆ ಒಂದು ಲಗಾಮು ಹಾಕಲಾಗಿತ್ತು: ಹಾಡು ಅಥವಾ ಚಿತ್ರ ಓಡುವಾಗ ಮಿಲಿಸೆಕೆಂಡಿಗೆ ಹತ್ತೇ ಪ್ಯಾಕೆಟ್. ಒಂದು ಪ್ಯಾಕೆಟ್ಟಿನಲ್ಲಿ ಹೆಚ್ಚೆಂದರೆ 1,500 ಬೈಟ್. ಸೆಕೆಂಡಿಗೆ 15 ಮೆಗಾಬೈಟ್ ಆಯಿತು. ನೂರು ಮೆಗಾಬಿಟ್ಟಿನ ನೆಟ್‌ವರ್ಕು ಅಷ್ಟನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಹಳೆಯ, ನಿಧಾನದ ನೆಟ್‌ವರ್ಕ್ ಇದ್ದವರಿಗೆ ಈ ತೊಂದರೆ ಗೊತ್ತೇ ಆಗಲಿಲ್ಲ. ವೇಗದ ನೆಟ್‌ವರ್ಕ್ ಹಾಕಿಸಿಕೊಂಡವರೇ ಸಿಕ್ಕಿಬಿದ್ದರು.

ಇಲ್ಲಿಯವರೆಗಿನದೆಲ್ಲ ಒಂದೇ ಕಟ್ಟಡದೊಳಗಿನ ಮಾತು. ಫೈಲು ಊರು ದಾಟಿ, ದೇಶ ದಾಟಿ ಹೋಗಬೇಕಾದಾಗ ದೂರ ಎಂಬುದು ಲೆಕ್ಕಕ್ಕೆ ಬರುತ್ತದೆ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು ಬೆಳಕಿಗೂ 140 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ಕೇಬಲ್ಲುಗಳು ಸುತ್ತುಬಳಸಿ ಹೋಗುವುದರಿಂದ ವಾಸ್ತವದಲ್ಲಿ 200 ದಾಟುತ್ತದೆ. ಯಾವ ಕಂಪನಿಗೆ ಎಷ್ಟು ದುಡ್ಡು ಕೊಟ್ಟರೂ ಬೆಳಕಿನ ಆ 140ಕ್ಕಿಂತ ಕಡಿಮೆ ಆಗುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಫೈಲುಗಳನ್ನು ಬಹುಪಾಲು ಹೊತ್ತೊಯ್ಯುವುದು ಟಿಸಿಪಿ ಎಂಬ ನಿಯಮಾವಳಿ. ಕಳಿಸಿದ್ದು ತಲುಪಿತು ಎಂಬ ರಸೀದಿ ಬರದ ಹೊರತು ಅದು ಮುಂದಿನದನ್ನು ಲೆಕ್ಕವಿಲ್ಲದೆ ಕಳಿಸುವುದಿಲ್ಲ. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು 64 ಚೀಲ ಲಾರಿಗೆ ಹಾಕಿ, ಆ ಕಡೆಯಿಂದ ರಸೀದಿ ಬಂದಮೇಲೆಯೇ ಮುಂದಿನ 64 ಚೀಲ ಎಂದು ಪಟ್ಟು ಹಿಡಿದರೆ ರಸ್ತೆ ಎಷ್ಟು ಅಗಲವಿದ್ದರೂ ಖಾಲಿಯೇ ಬಿದ್ದಿರುತ್ತದೆ. ರಸೀದಿಗೆ ಮುಂಚೆ ಎಷ್ಟು ಕಳಿಸಬಹುದು ಎಂಬ ಮಿತಿಗೆ ವಿಂಡೊ ಎನ್ನುತ್ತಾರೆ. ಟಿಸಿಪಿಯ ಮೂಲ ವಿನ್ಯಾಸದಲ್ಲಿ ಈ ಮಿತಿಯನ್ನು ಬರೆಯಲು ಹದಿನಾರು ಬಿಟ್ಟಿನ ಜಾಗವಷ್ಟೇ ಇತ್ತು, ಅಂದರೆ ಗರಿಷ್ಠ 65,535 ಬೈಟ್. ಹೋಗಿ ಬರಲು 200 ಮಿಲಿಸೆಕೆಂಡ್ ಆಗುವ ದಾರಿಯಲ್ಲಿ ಇಷ್ಟೇ ಮಿತಿ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 320 ಕಿಲೋಬೈಟಿಗಿಂತ ಹೆಚ್ಚು ಸಾಗದು. ಲಿಂಕು ಒಂದು ಗಿಗಾಬಿಟ್ಟಿನದಿರಲಿ, ಹತ್ತರದಿರಲಿ, ಅಷ್ಟೇ. ಅದೇ ದಾರಿಯಲ್ಲಿ ಒಂದು ಗಿಗಾಬಿಟ್ ತುಂಬಬೇಕಾದರೆ ಯಾವ ಕ್ಷಣದಲ್ಲೂ 25 ಮೆಗಾಬೈಟ್ ಮಾಹಿತಿ ದಾರಿಯ ಮೇಲಿರಬೇಕು.

ಈ ಇಕ್ಕಟ್ಟನ್ನು ಮೊದಲೇ ಕಂಡ ವ್ಯಾನ್ ಜೇಕಬ್ಸನ್, ಬಾಬ್ ಬ್ರೇಡನ್ ಮತ್ತು ಡೇವಿಡ್ ಬೋರ್ಮನ್ 1992ರಲ್ಲಿ ವಿಂಡೊ ಹಿಗ್ಗಿಸುವ ಉಪಾಯವನ್ನು ಪ್ರಕಟಿಸಿದರು. ಈಗಿನ ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲವೂ ಅದನ್ನು ತಾವಾಗಿಯೇ ಬಳಸುತ್ತವೆ. ಹಾಗಾದರೆ ತೊಂದರೆ ತೀರಿತು ಎನ್ನುವಂತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದದ್ದನ್ನು ನೋಡಿ. ಅಲ್ಲಿನವರು ವರ್ಜೀನಿಯಾ ಟೆಕ್‌ನ ಸಾರಿಗೆ ಸಂಶೋಧನಾ ಸಂಸ್ಥೆಯೊಂದಿಗೆ ಮಾಹಿತಿ ಹಂಚಿಕೊಳ್ಳುತ್ತಿದ್ದರು. ದಾರಿ ಗಿಗಾಬಿಟ್ಟಿನದು, ಹೋಗಿ ಬರಲು ಬರೀ 10 ಮಿಲಿಸೆಕೆಂಡ್. ಆದರೂ ವೇಗ 50 ಮೆಗಾಬಿಟ್ಟಿನ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. 64 ಕಿಲೋಬೈಟನ್ನು 10 ಮಿಲಿಸೆಕೆಂಡಿನಿಂದ ಭಾಗಿಸಿದರೆ ಬರುವುದು ಸರಿಯಾಗಿ ಅದೇ ಅಂಕಿ! ಅಂದರೆ ಯಾರೋ ನಡುವೆ ನಿಂತು ವಿಂಡೊವನ್ನು ಹಿಗ್ಗಲು ಬಿಡುತ್ತಿಲ್ಲ. ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಕಾಲೇಜಿನ ಫೈರ್‌ವಾಲ್. ಪ್ಯಾಕೆಟ್ಟುಗಳ ಅನುಕ್ರಮ ಸರಿಯಿದೆಯೇ ಎಂದು ಪರೀಕ್ಷಿಸುವ ಅದರ ಒಂದು ಸೌಲಭ್ಯ, ಎರಡೂ ತುದಿಗಳು ಮೊದಲ ಪರಿಚಯದಲ್ಲಿ ಮಾಡಿಕೊಳ್ಳುವ ವಿಂಡೊ ಒಪ್ಪಂದವನ್ನು ಕೆಡಿಸುತ್ತಿತ್ತು. ಆ ಒಂದು ಸೆಟ್ಟಿಂಗ್ ತೆಗೆದಾಗ ಒಳಬರುವ ವೇಗ ಸುಮಾರು ಐದು ಪಟ್ಟು, ಹೊರಹೋಗುವ ವೇಗ ಸುಮಾರು ಹನ್ನೆರಡು ಪಟ್ಟು ಏರಿತು. ಹೊಸ ಉಪಕರಣ ಒಂದನ್ನೂ ಕೊಳ್ಳಬೇಕಾಗಲಿಲ್ಲ.

ಇನ್ನೊಂದು ಪ್ರಕರಣ ಅದಕ್ಕಿಂತ ಬೋಧಪ್ರದ. ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯಗಳನ್ನು ಬೆಸೆಯುವ ಇಎಸ್‌ನೆಟ್ ಎಂಬ ಜಾಲವಿದೆ. ವಿಜ್ಞಾನಿಗಳ ಭಾರಿ ಮಾಹಿತಿ ಸಾಗಿಸುವುದೇ ಅದರ ಕಸುಬು. ಅದರ 10 ಗಿಗಾಬಿಟ್ಟಿನ ರೌಟರೊಂದರಲ್ಲಿ ಕಾರ್ಡೊಂದು ಕೆಟ್ಟಿತ್ತು. ಪೂರ್ತಿ ಕೆಟ್ಟಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಇದು ಸುಮಾರು 22,000 ಪ್ಯಾಕೆಟ್ಟುಗಳಲ್ಲಿ ಒಂದನ್ನು ಮಾತ್ರ ಬೀಳಿಸುತ್ತಿತ್ತು. ರೌಟರಿನ ಸ್ವಂತ ದೋಷಪಟ್ಟಿಯಲ್ಲಿ ಏನೂ ದಾಖಲಾಗುತ್ತಿರಲಿಲ್ಲ. 22,000ಕ್ಕೆ ಒಂದು ಎಂದರೆ ಏನು ಮಹಾ ಎನಿಸುತ್ತದೆ. ಆದರೆ ಟಿಸಿಪಿ ಪ್ರತಿ ನಷ್ಟವನ್ನೂ ದಾರಿಯಲ್ಲಿ ನೂಕುನುಗ್ಗಲಿದೆ ಎಂಬ ಎಚ್ಚರಿಕೆಯಾಗಿ ಓದುತ್ತದೆ. ಕೂಡಲೇ ವೇಗ ಇಳಿಸಿ, ಮತ್ತೆ ಮೆಲ್ಲಗೆ ಏರಿಸುತ್ತ ಹೋಗುತ್ತದೆ. ಏರುವ ಒಂದೊಂದು ಹೆಜ್ಜೆಗೂ ಒಂದು ಸಲ ಹೋಗಿ ಬರುವಷ್ಟು ಸಮಯ ಬೇಕು. ದಾರಿ ಉದ್ದವಾದಷ್ಟೂ ಚೇತರಿಕೆ ತಡ.

ಮ್ಯಾಟ್ ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಟಿಸಿಪಿಯ ಸಾಂಪ್ರದಾಯಿಕ ನಡೆಗೆ ಅನ್ವಯಿಸುವ ಆ ಸೂತ್ರದಲ್ಲಿ 22,000ಕ್ಕೆ ಒಂದು ನಷ್ಟವನ್ನು ಹಾಕಿ ನೋಡಿ. ಹೋಗಿ ಬರಲು ಒಂದು ಮಿಲಿಸೆಕೆಂಡ್ ಸಾಕಾಗುವ ಕ್ಯಾಂಪಸ್ಸಿನೊಳಗೆ 1.7 ಗಿಗಾಬಿಟ್ ಸಾಧ್ಯ. ಗಿಗಾಬಿಟ್ ಬಳಸುವವರಿಗೆ ಸಮಸ್ಯೆಯ ಸುಳಿವೂ ಸಿಗದು. 10 ಮಿಲಿಸೆಕೆಂಡಿನ ದೂರಕ್ಕೆ 170 ಮೆಗಾಬಿಟ್. 200 ಮಿಲಿಸೆಕೆಂಡಿನ ದೂರಕ್ಕೆ 9 ಮೆಗಾಬಿಟ್ಟೂ ಇಲ್ಲ. ದೋಷ ಒಂದೇ, ಕಾರ್ಡು ಒಂದೇ. ಪಕ್ಕದ ಕಟ್ಟಡದವರು ಎಲ್ಲ ಸರಿಯಿದೆ ಎನ್ನುತ್ತಾರೆ, ದೂರದ ದೇಶದವರು ಏನೂ ಬರುತ್ತಿಲ್ಲ ಎನ್ನುತ್ತಾರೆ. ಇಬ್ಬರದೂ ನಿಜ. ನಮ್ಮಲ್ಲಿ ಚೆನ್ನಾಗಿದೆ, ತಪ್ಪು ನಿಮ್ಮದೇ ಎಂದು ಎರಡು ಊರಿನ ಐಟಿ ವಿಭಾಗಗಳು ವಾರಗಟ್ಟಲೆ ವಾದಿಸುವ ಮುಂಚೆ ಈ ಲೆಕ್ಕ ನೆನಪಿಗೆ ಬರಬೇಕು. ಹೊಸ ಕಾಲದ ಟಿಸಿಪಿ ವಿಧಾನಗಳು ಈ ಹೊಡೆತವನ್ನು ಒಂದಿಷ್ಟು ತಾಳಿಕೊಳ್ಳುತ್ತವೆ, ಆದರೆ ಕೆಟ್ಟ ಕಾರ್ಡನ್ನು ಅವು ರಿಪೇರಿ ಮಾಡಲಾರವು.

ಟಿಸಿಪಿ ಇಷ್ಟು ಅಂಜುವುದಕ್ಕೂ ಒಂದು ಇತಿಹಾಸವಿದೆ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರ ಕೆಳಗಿನ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿಯಿತು. ಎರಡರ ನಡುವೆ ದೂರ 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಕಡೆ 40 ಬಿಟ್ ಸಾಗತೊಡಗಿತು. ಬರೆದುಕೊಂಡು ನಡೆದೇ ಹೋಗಿ ಕೊಟ್ಟರೆ ಅದಕ್ಕಿಂತ ಬೇಗ ಮುಟ್ಟುತ್ತಿತ್ತು. ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್ಸನ್ ಕಾರಣ ಹುಡುಕಿದಾಗ ತಿಳಿದದ್ದು, ಪ್ರತಿ ಯಂತ್ರವೂ ರಸೀದಿ ಬರಲಿಲ್ಲವೆಂದು ಅವಸರಪಟ್ಟು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ತುಂಬಿಸುತ್ತಿತ್ತು ಎಂಬುದು. 1988ರಲ್ಲಿ ಅವರು ಮೈಕಲ್ ಕೆರೆಲ್ಸ್ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ ಮೆಲ್ಲಗೆ ಆರಂಭಿಸು, ನಷ್ಟವಾದರೆ ತಗ್ಗು ಎಂಬ ನಡೆಯನ್ನು ವಿವರಿಸಿದರು. ಇಂಟರ್ನೆಟ್ ಅಂದು ಉಳಿದದ್ದು ಈ ಸಂಯಮದಿಂದ. ಅದೇ ಸಂಯಮ ಇಂದು ಉದ್ದದ, ವೇಗದ ದಾರಿಗಳಲ್ಲಿ ಒಂದೇ ಒಂದು ಕೆಟ್ಟ ಕನೆಕ್ಟರಿನಿಂದ ದುಬಾರಿಯಾಗುತ್ತಿದೆ.

ಹಾಗಾದರೆ ಹುಡುಕುವ ಕ್ರಮ ಯಾವುದು? ಒಂದು ಸಲಕ್ಕೆ ಒಂದೇ ಕೊಂಡಿಯನ್ನು ಅಳೆಯುವುದು. ಡಿಸ್ಕನ್ನು ಬದಿಗಿಟ್ಟು ನೆಟ್‌ವರ್ಕನ್ನಷ್ಟೇ ಅಳೆಯಲು ಐಪರ್ಫ್3 ಎಂಬ ಉಚಿತ ಸಲಕರಣೆ ಇದೆ. ಅದನ್ನು ಬೆಳೆಸಿದವರೂ ಇಎಸ್‌ನೆಟ್‌ನವರೇ. ಅದು ಒಂದು ಯಂತ್ರದ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಮಾಹಿತಿ ಸುರಿದು ವೇಗ ಹೇಳುತ್ತದೆ. ಅಲ್ಲಿ 940 ಮೆಗಾಬಿಟ್ ಬಂದು ಫೈಲ್ ಕಾಪಿ ಮಾತ್ರ ನಿಧಾನವಾದರೆ ಕೇಬಲ್, ಸ್ವಿಚ್ ನಿರಪರಾಧಿಗಳು. ಡಿಸ್ಕು, ಆಂಟಿವೈರಸ್ಸು, ಕಾಪಿ ಮಾಡುವ ತಂತ್ರಾಂಶದ ಕಡೆ ತಿರುಗಬೇಕು. ಐಪರ್ಫ್ ಕೂಡ ನಿಧಾನವಾದರೆ ಒಂದರ ಬದಲು ಎಂಟು ಧಾರೆಗಳನ್ನು ಒಟ್ಟಿಗೆ ಬಿಟ್ಟು ನೋಡಬೇಕು. ಒಂದು ಧಾರೆ ಕುಂಟಿ ಎಂಟೂ ಸೇರಿ ಓಡಿದರೆ ವಿಂಡೊ ಸಾಲದು ಅಥವಾ ಪ್ಯಾಕೆಟ್ ಬೀಳುತ್ತಿದೆ ಎಂದು ಅರ್ಥ. ಎಂಟೂ ಸೇರಿ ಒಂದರಷ್ಟೇ ಓಡಿದರೆ ದಾರಿಯೇ ಕಿರಿದು.

ಆ ಕಡೆಯ ಯಂತ್ರ ಓಗೊಡುತ್ತದೆಯೇ ಎಂದು ನೋಡಲು ಕಳಿಸುವ ಪುಟ್ಟ ಸಂದೇಶಕ್ಕೆ ಪಿಂಗ್ ಎನ್ನುತ್ತಾರೆ. ಪಿಂಗ್ ಸರಿ ಬರುತ್ತಿದೆ ಎಂಬ ಒಂದೇ ಸಾಕ್ಷಿಯನ್ನು ನಂಬಬಾರದು. ಹಳೆಯ ನೂರು ಮೆಗಾಬಿಟ್ಟಿನ ಸ್ವಿಚ್ಚುಗಳಲ್ಲಿ ಒಂದು ತುದಿಗೆ ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ಬರೆದು, ಇನ್ನೊಂದು ತುದಿಯನ್ನು ಆಟೊದಲ್ಲಿ ಬಿಟ್ಟರೆ, ಆಟೊದ ತುದಿ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಒಬ್ಬರು ಮಾತಾಡುತ್ತಲೇ ಕೇಳಬಲ್ಲರು, ಇನ್ನೊಬ್ಬರಿಗೆ ಸರದಿ ಬೇಕು. ಒಂದೊಂದೇ ಹೋಗುವ ಪಿಂಗ್ ಸಲೀಸಾಗಿ ದಾಟುತ್ತದೆ. ಫೈಲ್ ಹೊರಟ ಕೂಡಲೇ ಡಿಕ್ಕಿ ಶುರು. ಎರಡೂ ತುದಿ ಆಟೊದಲ್ಲಿರಲಿ. ವಿಪಿಎನ್ ಬಳಸುವವರಿಗೆ ಇನ್ನೊಂದು ಮಾತು: ಸಣ್ಣ ಪಿಂಗ್ ಹೋಗಿ, ದೊಡ್ಡ ಫೈಲ್ ಆರಂಭವಾಗಿ ಅಲ್ಲೇ ಸ್ತಬ್ಧವಾದರೆ ಪ್ಯಾಕೆಟ್ಟಿನ ಗಾತ್ರವನ್ನು ಶಂಕಿಸಬೇಕು. ತುಂಡರಿಸಬೇಡ ಎಂಬ ಆಜ್ಞೆಯೊಡನೆ 1,472 ಬೈಟಿನ ಪಿಂಗ್ ಕಳಿಸಿ ನೋಡಿದರೆ ಸಾಮಾನ್ಯ 1,500 ಬೈಟಿನ ಪ್ಯಾಕೆಟ್ ಆ ದಾರಿಯಲ್ಲಿ ಹಿಡಿಸುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ವೈಫೈ ಇದ್ದರೆ ಪರೀಕ್ಷೆಗೆ ಮುಂಚೆ ಕೇಬಲ್ಲಿಗೆ ಬನ್ನಿ. ಗಾಳಿಯಲ್ಲಿ ಎಲ್ಲ ಉಪಕರಣಗಳೂ ಸರದಿಯ ಮೇಲೆ ಮಾತಾಡುವುದರಿಂದ ಡಬ್ಬದ ಮೇಲಿನ ಅಂಕಿ ಯಾರೊಬ್ಬರಿಗೂ ಪೂರ್ತಿ ಸಿಗುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಸಂಸ್ಥೆಗಳನ್ನು ನ್ಯಾಷನಲ್ ನಾಲೆಜ್ ನೆಟ್‌ವರ್ಕ್ ಗಿಗಾಬಿಟ್‌ಗಳ ದಾರಿಯಲ್ಲಿ ಬೆಸೆದಿದೆ. ಊರೂರಿನ ಸ್ಟುಡಿಯೊ, ಬ್ಯಾಂಕು, ಆಸ್ಪತ್ರೆಗಳಿಗೂ ಫೈಬರ್ ಬಂದಿದೆ. ದಾರಿ ಸಿದ್ಧವಿದೆ, ಅದನ್ನು ಅಳೆದು ನೋಡಿಕೊಳ್ಳುವ ಅಭ್ಯಾಸ ಬರಬೇಕಿದೆ. ಇಎಸ್‌ನೆಟ್ ಮತ್ತು ಅದರ ಸಂಗಡಿಗ ಸಂಸ್ಥೆಗಳು ಪರ್ಫ್‌ಸೋನಾರ್ ಎಂಬ ವ್ಯವಸ್ಥೆ ಕಟ್ಟಿ ಹಗಲಿರುಳೂ ತಮ್ಮ ದಾರಿಗಳನ್ನು ಪರೀಕ್ಷಿಸುತ್ತಿರುವುದು ಇದಕ್ಕಾಗಿಯೇ. ಸಣ್ಣ ಕಚೇರಿಗೆ ಅಷ್ಟೆಲ್ಲ ಬೇಡ. ಎಲ್ಲವೂ ಸರಿಯಿರುವ ಒಂದು ದಿನ ದೊಡ್ಡ ಫೈಲೊಂದನ್ನು ಕಾಪಿ ಮಾಡಿ, ಐಪರ್ಫ್ ಓಡಿಸಿ, ಬಂದ ಅಂಕಿಗಳನ್ನು ದಿನಾಂಕದ ಸಮೇತ ಒಂದು ಚೀಟಿಯಲ್ಲಿ ಬರೆದು ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿ. ಮುಂದೆ ನಿಧಾನವಾದ ದಿನ ರಿಪೇರಿಗೆ ಬಂದವರಿಗೆ ಮೊದಲು ಆ ಚೀಟಿ ತೋರಿಸಿ, ಆಮೇಲೆ ಕೊಟೇಶನ್ ಕೇಳಿ.